ಬನಹಟ್ಟಿಯವರ ಮೂಗು

ಕಾನ್ವೆಂಟಿನ ಸಿಸ್ಟರುಗಳು ನನಗೆ ನಗು ತಡೆಯುವುದನ್ನು ಶಿಸ್ತಾಗಿ ಕಲಿಸಿದ್ದರು. ಜಮಖಂಡಿಯ ನರ್ಸಿಂಗ್ ಹೋಮಿನಲ್ಲಿ ಮೇಟ್ರನ್ ಆದ ಮೇಲೆ ಆ ವಿದ್ಯೆಗೆ ಒಂದು ದಿನವೂ ರಜೆ ಸಿಗಲಿಲ್ಲ.

೧. ಉಚ್ಚಾರ

ತೊಂಬತ್ತರ ದಶಕದಲ್ಲಿ ಬೆಳಗಾವಿಯ ಸರ್ಜನ್ನರೊಬ್ಬರು ಆಗಾಗ ಲೇಸರ್ ಯಂತ್ರದೊಡನೆ ನಮ್ಮಲ್ಲಿಗೆ ಬರುತ್ತಿದ್ದರು. ಒಮ್ಮೆ ಬನಹಟ್ಟಿಯ ನೇಕಾರ ಯಜಮಾನರು ಹೆಂಡತಿಯೊಡನೆ ಬಂದರು. ಚರ್ಮ ದಪ್ಪಗಾಗಿ ಅವರ ಮೂಗು ಕೆಂಪಗೆ, ಗಂಟುಗಂಟಾಗಿ ಊದಿತ್ತು. ಅದು ಕುಡಿತದಿಂದ ಬರುವ ಕಾಯಿಲೆಯಲ್ಲ, ಊರು ಒಪ್ಪಬೇಕಲ್ಲ?

“ನಾ ಒಂದ್ ಹನಿ ಮುಟ್ಟಿದಾಂವಲ್ರಿ. ತೇರದಾಳದ ಗಂಡಿನವರು ಮಗಳನ್ನ ನೋಡಿ ಒಪ್ಪಿದ್ರು, ನನ್ನ ಮೂಗು ನೋಡಿ ಎದ್ದು ಹೋದ್ರು,” ಎಂದರು.

“ಹೆದರಬೇಡಿ. ಮೂಗಿಗೆ ಲೇಸರ್ ಹಾಕುತ್ತಾರೆ,” ಎಂದೆ.

ಹೆಂಡತಿ ಗಾಬರಿಯಾದರು. “ಲೇಸ್ ಯಾಕ್ರಿ? ಅಂಚಿಗೆ ಹಚ್ಚಾಕ ಅದೇನ್ ಸೀರಿ ಏನ್ರಿ?”

ತಪ್ಪು ಉಚ್ಚಾರ ನನಗೆ ಸಹಿಸಲಾಗದು. “ಲೇಸ್ ಅಲ್ಲ. ಲೇ... ಸರ್,” ಎಂದು ಬಿಡಿಸಿ ಹೇಳಿದೆ.

ಆಕೆಯ ಮುಖ ಬಿಗಿಯಿತು. “ನಮ್ಮ ಯಜಮಾನ್ರಿಗೆ ‘ಲೇ’ ಅಂತೀರಿ, ಮ್ಯಾಲೆ ‘ಸರ್’ ಅಂತೀರಿ. ಎರಡರಾಗ ಒಂದು ಮಾಡ್ರಿ!”

೨. ಮೊದಲಿನ ಆಕಾರ

ಮೂಗನ್ನು ಮೊದಲಿನಂತೆ ಮಾಡಲು ಸರ್ಜನ್ ಹಳೆಯ ಫೋಟೊ ಕೇಳಿದರು. ಮನೆಯಲ್ಲಿದ್ದದ್ದು ಮದುವೆಯದು ಮಾತ್ರ. ಅದರಲ್ಲಿ ಬಾಸಿಂಗದ ಎಳೆಗಳು ಇಳಿಬಿದ್ದು ಮೂಗೇ ಕಾಣುತ್ತಿರಲಿಲ್ಲ.

“ಹೇಗಿತ್ತೆಂದು ನೀವಾದರೂ ಹೇಳಿ,” ಎಂದು ಹೆಂಡತಿಯನ್ನು ಕೇಳಿದೆ.

“ಅತ್ತಿ ಮುಂದ ಗಂಡನ ಮಾರಿ ನೋಡಾಕ ಎಲ್ಲಿ ಆಕ್ಕಿತ್ರಿ? ನಾ ತಲಿ ಎತ್ತೂದ್ರಾಗ ಮೂಗು ಊದಿತ್ತು.”

೩. ಗಟ್ಟಿ ಮನಸ್ಸು

ಸರ್ಜನ್ ಮೂಗನ್ನು ಮರಗಟ್ಟಿಸಿ, ಹೆಚ್ಚಿನ ಚರ್ಮವನ್ನು ಪದರಪದರವಾಗಿ ತೆಗೆದರು. ಗಾಯ ಮಾಯ್ದು ಚೆಂದದ ಮೂಗು ಮೂಡಿತು. ತೇರದಾಳದವರನ್ನು ಮತ್ತೆ ಕರೆಸಿದಾಗ ಯಜಮಾನರು ನನ್ನನ್ನೂ ಕರೆದರು. “ಅದು ರೋಗ ಇತ್ತಂತ ನೀವ ಹೇಳ್ರಿ, ನಿಮ್ಮ ಮಾತು ನಂಬತಾರ.” ಗಂಜಿ ಹಾಕಿದ ಸೀರೆಯುಟ್ಟು ಹೋದೆ.

ಗಂಡಿನ ತಂದೆ ಚಹಾ ಮುಟ್ಟದೆ ಮೂಗನ್ನೇ ದಿಟ್ಟಿಸಿದರು. “ಯಾವಾಗ ಬಿಟ್ರಿ?”

“ಏನನ್ನೂ ಬಿಟ್ಟಿಲ್ಲ,” ಎಂದು ನಾನೆದ್ದು ನಿಂತೆ. “ವೈದ್ಯಕೀಯವಾಗಿ ನೋಡಿದರೆ...”

“ಅಂದ್ರ ಇನ್ನೂ ಕುಡೀತಾರೇನ್ರಿ?”

ಯಜಮಾನರ ಹೆಂಡತಿ ನನ್ನ ಸೆರಗು ಜಗ್ಗಿ ಕೂರಿಸಿದರು.

“ಹಂಗಲ್ಲ ಬಿಡ್ರಿ, ಮೂಗ ಹೇಳತೈತಿ,” ಎಂದು ಗಂಡಿನ ತಂದೆ ನಕ್ಕರು. “ಅಷ್ಟು ದೊಡ್ಡ ಮೂಗು ಇಳಿಯೂಹಂಗ ಬಿಟ್ಟಾರಂದ್ರ ಎಂಥಾ ಗಟ್ಟಿ ಮನಸಿರಬೇಕು! ಇಂಥಾ ಮನಿತನ ಎಲ್ಲಿ ಸಿಗತೈತ್ರಿ? ಹುಡುಗಿ ಇನ್ನ ನಮ್ಮಾಕಿ.”

ಯಜಮಾನರು ಬಾಗಿಲಲ್ಲಿ ನಿಂತ ಮಗಳನ್ನು ನೋಡಿದರು, ನನ್ನನ್ನು ನೋಡಿದರು, ಕೈ ಮುಗಿದರು.

“ಖರೆ ಹೇಳತೇನ್ರಿ, ಬಿಡೂದು ಭಾಳ ತ್ರಾಸ ಆತು.”