ಭಾವನ ಕಾರಿಗೆ ತಲೆಸ್ನಾನ

ಪ್ಲಾಸ್ಟಿಕ್ ಅಂಟಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ಜಾಲಾಡಿದರೂ ಸಿಗಲಿಕ್ಕಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ನಂಬದೆ ಏನು ಮಾಡಲಿ? ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ ನಾನು. ಶಾಲೆಯ ಭೂಪಟಗಳಿಗೆಲ್ಲ ಪಾರದರ್ಶಕ ಹೊದಿಕೆ ತೊಡಿಸಿ ಭರತಖಂಡವನ್ನು ಜಿರಳೆಗಳಿಂದ ಕಾಪಾಡಿದವನು ನಾನು! ಮನೆಯಲ್ಲಿ ಟಿವಿ ರಿಮೋಟು, ಕ್ಯಾಲ್ಕ್ಯುಲೇಟರು, ರೇಷನ್ ಕಾರ್ಡು, ಕೊನೆಗೆ ದೇವರ ಪಟಕ್ಕೂ ನನ್ನ ಕೈಯಿಂದಲೇ ಕವಚ. ಒಂದರಲ್ಲೂ ಒಂದು ಗಾಳಿಗುಳ್ಳೆ ಇಲ್ಲ. "ಆನು ಒಂದು ಗಳಿಗೆ ಅಲ್ಲಾಡದ್ದೇ ಕುಂತ್ರೆ ಯಂಗೂ ಒಂದು ಕವಚ ಹಾಕ್ತಿ ನಿಂಗ" ಎಂದು ನನ್ನ ಹೆಂಡತಿ ಪರಿಮಳಾ ಹೇಳುವುದುಂಟು. ನಾನು ಅದನ್ನು ಹೊಗಳಿಕೆಯ ಖಾತೆಗೇ ಜಮಾ ಮಾಡಿಕೊಂಡಿದ್ದೆ.

ಈ ಪ್ರತಿಭೆಗೆ ತಲೆಬಾಗದ ಒಬ್ಬನೇ ಒಬ್ಬ ಮನುಷ್ಯನೆಂದರೆ ಅರಬೈಲಿನ ಸುಜಯ ಭಾವ, ಪರಿಮಳೆಯ ಅಣ್ಣ. ಅವನೂ ನನ್ನನ್ನು ಭಾವ ಎಂದೇ ಕರೆಯುವುದು. ಹಿಂದೊಮ್ಮೆ ಅವನ ಟೇಪ್‌ರೆಕಾರ್ಡರನ್ನು ನಾನು ರಿಪೇರಿ ಮಾಡಿಕೊಟ್ಟಿದ್ದೆ. ಆಮೇಲೆ ಅದರಲ್ಲಿ ಯಕ್ಷಗಾನದ ಯಾವ ಭಾಗವತರು ಹಾಡಿದರೂ ಜ್ವರ ಬಂದು ಮಲಗಿದವರ ದನಿ ಕೇಳುತ್ತಿತ್ತು. ಅಂದಿನಿಂದ ನಾನು ಅವನ ಮನೆಗೆ ಹೋದರೆ ಸಾಕು, ಅವನ ಕಣ್ಣು ನನ್ನ ಮುಖದ ಮೇಲೆ ಇರುವುದಿಲ್ಲ, ಕೈಗಳ ಮೇಲಿರುತ್ತದೆ. ಅವನಾದರೂ ವಸ್ತುಗಳನ್ನು ಜೋಪಾನ ಮಾಡುವುದರಲ್ಲಿ ನನ್ನದೇ ಜಾತಿ. ಅವನ ಮನೆಯ ಫ್ರಿಜ್ಜಿನ ಬಾಗಿಲಿಗೆ ಕಂಪನಿಯವರು ಸುತ್ತಿದ್ದ ಪ್ಲಾಸ್ಟಿಕ್ಕನ್ನು ಇವತ್ತಿಗೂ ಬಿಚ್ಚಿಲ್ಲ. ಇಂಥ ಭಾವನ ಬಾಯಿಂದ ಸಾಯುವುದರೊಳಗೆ ಒಮ್ಮೆ 'ಭೇಷ್' ಅನ್ನಿಸಿಕೊಳ್ಳಬೇಕೆಂಬುದು ನನ್ನ ಜೀವನದ ಗುರಿಯಾಗಿತ್ತು. ನಕ್ಕುಬಿಡಬೇಡಿ, ನಿಜವಾಗಿಯೂ ಆಗಿತ್ತು.

ಎರಡು ಸಾವಿರದ ಏಳನೇ ಇಸವಿಯಲ್ಲಿ ಆ ಅವಕಾಶ ನಾಲ್ಕು ಚಕ್ರದ ಮೇಲೆ ಉರುಳಿಕೊಂಡು ನಮ್ಮ ಅಂಗಳಕ್ಕೇ ಬಂತು. ಭಾವ ಹುಬ್ಬಳ್ಳಿಯಲ್ಲಿ ಹೊಸ ಕಾರು ಬುಕ್ ಮಾಡಿದ್ದ. ತಿಂಗಳುಗಟ್ಟಲೆ ಕಾಯಿಸಿದ ಕಾರು ಸರಿಯಾಗಿ ಪಿತೃಪಕ್ಷದ ನಡುವೆ ಬಂದು ನಿಂತಿತು. ಪಕ್ಷ ಮುಗಿಯದೆ ಹೊಸ ವಸ್ತು ಮನೆ ಹೊಗುವ ಹಾಗಿಲ್ಲ. ಬಿಟ್ಟರೆ ಷೋರೂಮಿನವರು ಬೇರೆಯವರಿಗೆ ಕೊಟ್ಟುಬಿಡುತ್ತಾರೆ. ಭಾವ ಯೋಚಿಸಿ ಯೋಚಿಸಿ ಒಂದು ದಾರಿ ಕಂಡುಹಿಡಿದ. ಕಾರು ಅವನ ಮನೆಗೆ ಹೋದರೆ ತಾನೇ ದೋಷ? ನವರಾತ್ರಿ ಶುರುವಾಗುವವರೆಗೆ ಶಿರಸಿಯಲ್ಲಿ ತಂಗಿಯ ಮನೆಯಲ್ಲಿ ನಿಂತಿರಲಿ, ಪಾಡ್ಯದ ದಿನ ಬಂದು ಪೂಜೆ ಮಾಡಿಸಿ ಒಯ್ದರಾಯಿತು ಎಂದ. ದೋಷವೇನಿದ್ದರೂ ನನಗೆ ತಗುಲಿದರೆ ಅವನಿಗೆ ಅಭ್ಯಂತರವಿರಲಿಲ್ಲ.

ಕಾರನ್ನು ನಮ್ಮ ಷೆಡ್ಡಿನಲ್ಲಿ ನಿಲ್ಲಿಸಿ, ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, ಅವನು ಕೀಲಿಯನ್ನು ನನ್ನ ಚಾಚಿದ ಅಂಗೈ ದಾಟಿಸಿ ತಂಗಿಯ ಕೈಗೆ ಕೊಟ್ಟ.

"ನಿನ್ನತ್ರನೇ ಇರ್ಲಿ ತಂಗಿ. ಭಾವ ಒಳ್ಳೆಯವನೇಯ. ಆದ್ರೆ ಅವನ ಕೈ ಅವನ ಮಾತು ಕೇಳ್ತಿಲ್ಲೆ."

ಪರಿಮಳಾ ಕೀಲಿಯನ್ನು ಕರಿಮಣಿಯ ಪಿನ್ನಿಗೆ ಸಿಕ್ಕಿಸಿಕೊಂಡು, ಒಂದು ಗೀರೂ ಬೀಳದ ಹಾಗೆ ನೋಡಿಕೊಳ್ಳುತ್ತೇನೆಂದು ಅಣ್ಣನಿಗೆ ಮಾತು ಕೊಟ್ಟಳು. ಭಾವ ಬಸ್ಸು ಹತ್ತಿದ.

ನನಗೆ ರೋಷ ಬಂತು. ಎಷ್ಟು ಬಂತೆಂದರೆ ಅಂದೇ ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರದ ಸಂಗಯ್ಯನ ಮೊಬೈಲ್ ಅಂಗಡಿಗೆ ನಡೆದೆ. ಹಾವೇರಿ ಕಡೆಯ ಸಂಗಯ್ಯ ಮೊಬೈಲ್ ಪರದೆಗೆ ಅಂಟಿಸುವ ಫಿಲ್ಮಿನ ದೊಡ್ಡ ಸುರುಳಿಯನ್ನೇ ಇಟ್ಟಿದ್ದ. ಭಾವನ ಕಾರಿನೊಳಗೆ ಸ್ಪೀಡು ತೋರಿಸುವ ಮೀಟರಿನ ಗಾಜು, ಹಾಡಿನ ಪೆಟ್ಟಿಗೆಯ ಪುಟ್ಟ ಪರದೆ, ಗಡಿಯಾರ, ಗೇರಿನ ಸುತ್ತಲಿನ ಹೊಳೆಯುವ ಪಟ್ಟಿ, ಬಾಗಿಲುಗಳ ಒಳಮೈ, ಎಲ್ಲಕ್ಕೂ ಕಾಣದಂಥ ಕವಚ ತೊಡಿಸಿಬಿಟ್ಟರೆ? ಭಾವ ಬರುತ್ತಾನೆ, ಬೆರಳಾಡಿಸುತ್ತಾನೆ, ಗುಳ್ಳೆ ಹುಡುಕುತ್ತಾನೆ, ಸಿಗುವುದಿಲ್ಲ. ಆಗ ಹೇಳದೆ ಎಲ್ಲಿ ಹೋಗುತ್ತಾನೆ!

ಸಂಗಯ್ಯ ಸುರುಳಿ ಕತ್ತರಿಸುತ್ತ ಉಪಾಯವನ್ನೂ ಹೇಳಿಕೊಟ್ಟ. "ಒಣಾ ಹಚ್ಚಬ್ಯಾಡ್ರಿ ಸರ. ನೀರಾಗ ಎರಡು ಹನಿ ಶಾಂಪೂ ಹಾಕಿ ಸಿಂಪಡಸ್ರಿ. ಫಿಲ್ಮ್ ಜಾರತೈತಿ, ಬೇಕಾದಲ್ಲಿ ಕೂಡಸ್ರಿ, ಆಮ್ಯಾಲೆ ನೀರು ಒತ್ತಿ ತಗೀರಿ."

ಫಿಲ್ಮು ತಂದು ಭೂಪಟಗಳ ಹಿಂದೆ ಬಚ್ಚಿಟ್ಟೆ. ಪಕ್ಷದಲ್ಲಿ ಹೊಸ ಕೆಲಸ ಶುರು ಮಾಡಬಾರದಲ್ಲ, ನಾನೂ ಕಾದೆ. ಶಾಸ್ತ್ರ ಭಾವನಿಗೊಬ್ಬನಿಗೇ ಏನು?

ನವರಾತ್ರಿಯ ಪಾಡ್ಯ ಬಂತು. ಭಾವ ಸಂಜೆಗೆ ಬರುವವನಿದ್ದ. ಹಬ್ಬದ ದಿನವೆಂದು ಪರಿಮಳಾ ಬೆಳಿಗ್ಗೆಯೇ ತಲೆಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು, ಕರಿಮಣಿಯ ಪಿನ್ನನ್ನೂ ಕೀಲಿಯನ್ನೂ ಕಿಟಕಿಯ ದಂಡೆಯ ಮೇಲಿಟ್ಟು, ಎಣ್ಣೆ ಇಂಗಲೆಂದು ಹಿತ್ತಿಲಿಗೆ ಹೂ ಕೊಯ್ಯಲು ಹೋದಳು. ನಾನು ಕೀಲಿ ಎತ್ತಿಕೊಂಡು ಬಚ್ಚಲಿಗೆ ಶಾಂಪೂ ಹುಡುಕಲು ಹೋದೆ.

ಆದರೆ ನಮ್ಮ ಮನೆಯಲ್ಲಿ ಶಾಂಪೂ ಎಲ್ಲಿದೆ? ಪರಿಮಳಾ ಅದನ್ನು ಹೊಸ್ತಿಲೊಳಗೆ ಬಿಟ್ಟವಳಲ್ಲ. ನಮ್ಮಲ್ಲಿ ತಲೆ ತೊಳೆಯುವುದೆಂದರೆ ಮತ್ತಿ ಸೊಪ್ಪಿನ ಗೊಂಪು. ಎಲೆಯನ್ನು ನೀರಲ್ಲಿ ಹಿಚುಕಿ ಸೋಸಿದರೆ ಬರುವ ಹಸಿರು ಲೋಳೆ ಅದು. ಒಂದು ದೊಡ್ಡ ಪಾತ್ರೆಯ ತುಂಬ ಗೊಂಪು ಬಚ್ಚಲ ಕಟ್ಟೆಯ ಮೇಲೆ ಸಿದ್ಧವಾಗಿ ಕೂತಿತ್ತು. ಬೆರಳು ಅದ್ದಿ ನೋಡಿದೆ. ಆಹಾ, ಏನು ಜಾರುತ್ತದೆ! ನನ್ನ ಬುದ್ಧಿಗೆ ರೆಕ್ಕೆ ಬಂತು. ಶಾಂಪೂ ಎಂದರೆ ಕೆಮಿಕಲ್ಲು, ಹೊಸ ಗಾಜಿಗೆ ತಾಗಿದರೆ ಗತಿ? ನಮ್ಮ ಅಜ್ಜಿ ಮುತ್ತಜ್ಜಿಯರ ಕೂದಲನ್ನು ಮೊಣಕಾಲಿನವರೆಗೆ ಬೆಳೆಸಿದ ಈ ದಿವ್ಯ ದ್ರವ್ಯದ ಮುಂದೆ ಸಂಗಯ್ಯನ ಎರಡು ಹನಿ ಯಾವ ಲೆಕ್ಕ? ಪಾತ್ರೆ ಸಮೇತ ಷೆಡ್ಡಿಗೆ ನಡೆದೆ.

ಕಾರಿನೊಳಗೆ ಕೂತು ಅಳತೆ ತೆಗೆಯುವಾಗ ನನ್ನ ಕಣ್ಣಿಗೆ ಒಂದು ವಿಷಯ ಬಿತ್ತು. ಮೀಟರಿನ ಗಾಜಿನ ಮೂಲೆಯಲ್ಲಿ ಆಗಲೇ ಸಣ್ಣದೊಂದು ಗುಳ್ಳೆ ಇತ್ತು. ಇಷ್ಟು ದುಡ್ಡು ತೆಗೆದುಕೊಂಡ ಕಂಪನಿಗೆ ಗಾಜು ಕೂರಿಸಲಿಕ್ಕೂ ಬರುವುದಿಲ್ಲವಲ್ಲ ಎಂದು ಮರುಗಿ, ಅದರ ಮೇಲೆ ಗೊಂಪು ಬಳಿದೆ. ಫಿಲ್ಮು ಬೆಣ್ಣೆಯ ಮೇಲಿನಂತೆ ಸರಿಯಿತು. ಪರದೆಗೆ ಬಳಿದೆ, ಗಡಿಯಾರಕ್ಕೆ ಬಳಿದೆ. ಉತ್ಸಾಹ ಏರಿ ಬಾಗಿಲುಗಳಿಗೆ ಅಂಗೈಯಿಂದಲೇ ಎರಚಿದೆ. ಗೇರಿನ ಪಟ್ಟಿಗೆ ಹಚ್ಚಿದ ಫಿಲ್ಮು ಮಾತ್ರ ಒಂದೆರಡು ಸಲ ಜಾರಿ ಬ್ರೇಕಿನ ಕೆಳಗೆ ಹೋಯಿತು, ಅದನ್ನು ಹಿಡಿಯಲು ಬಗ್ಗಿದ ನಾನೂ ಜಾರಿ ಅಲ್ಲಿಗೇ ಹೋದೆ. ಹಾರ್ನ್ ಒಮ್ಮೆ ಮೊಳಗಿತು. ಆದರೂ ಡ್ರಾಯಿಂಗ್ ಸ್ಕೇಲಿನಿಂದ ಒತ್ತಿ ಒತ್ತಿ ಎಲ್ಲವನ್ನೂ ಕೂರಿಸಿದೆ. ಗುಳ್ಳೆ? ದುರ್ಬೀನು ಹಾಕಿ ನೋಡಿ! ಬೇಗ ಒಣಗಲೆಂದು ಕಾರನ್ನು ಬಿಸಿಲಿಗೆ ತಳ್ಳಿ, ಗಾಜು ಏರಿಸಿ, ಬಾಗಿಲು ಮುಚ್ಚಿ, ಜಗಲಿಯಲ್ಲಿ ಕೂತು ಭಾವನ ಭೇಷ್‌ಗೆ ಏನು ಉತ್ತರ ಕೊಡಬೇಕೆಂದು ಅಭ್ಯಾಸ ಮಾಡತೊಡಗಿದೆ.

ಅಷ್ಟರಲ್ಲಿ ಬಚ್ಚಲಿನಿಂದ ಪರಿಮಳೆಯ ದನಿ ಬಂತು. ಗೊಂಪಿನ ಪಾತ್ರೆ ಎಲ್ಲಿ ಎಂದು ಕೇಳುತ್ತಿದ್ದಳು. ನಾನು ಕೇಳಿಸದವನ ಹಾಗೆ ಕೂತೆ. ಎಣ್ಣೆ ಸುರಿಯುವ ತಲೆಗೆ ಟವೆಲು ಸುತ್ತಿಕೊಂಡು ಅವಳು ಜಗಲಿಗೇ ಬಂದಳು. ನನ್ನ ಹಸಿರು ಅಂಗೈ ನೋಡಿದಳು. ಕಿಟಕಿಯ ದಂಡೆ ನೋಡಿದಳು. ಆಮೇಲೆ ಬಿಸಿಲಲ್ಲಿ ನಿಂತ ಕಾರನ್ನು ನೋಡಿದಳು.

"ಎಂತ ಮಾಡಿದ್ದಿ?"

ಅವಳ ಬಳಿ ಅಷ್ಟು ಮೆಲ್ಲಗಿನ ದನಿಯೂ ಇದೆಯೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಾನು ಹೆಮ್ಮೆಯಿಂದಲೇ ಕಾರಿನ ಬಾಗಿಲು ತೆರೆದೆ. ತೆರೆದವನು ಹಾಗೇ ನಿಂತೆ. ಒಳಗಿನಿಂದ ಎಣ್ಣೆಸ್ನಾನದ ದಿನದ ಬಚ್ಚಲಿನ ಕಮಟು ಬಿಸಿಯಾಗಿ ಮುಖಕ್ಕೆ ಹೊಡೆಯಿತು. ಮೀಟರಿನ ಗಾಜು ಪಾಚಿಗಟ್ಟಿದ ಕೆರೆಯಾಗಿತ್ತು, ಅದರ ತಳದಲ್ಲಿ ಮುಳ್ಳು ಎಲ್ಲೋ ಮಲಗಿತ್ತು. ಹಾಡಿನ ಪೆಟ್ಟಿಗೆಯ ಪರದೆ ಹಸಿರು, ಗಡಿಯಾರದಲ್ಲಿ ಗಂಟೆ ಇಲ್ಲ. ಬಾಗಿಲಿನ ಒಳಮೈಯಲ್ಲಿ ಗೊಂಪು ಹಪ್ಪಳದಂತೆ ಒಣಗಿ ಏಳತೊಡಗಿತ್ತು, ಅದರ ಮೇಲೆ ಇರುವೆಗಳು ಆಗಲೇ ಮೆರವಣಿಗೆ ಹೊರಟಿದ್ದವು.

ಅದೇ ಹೊತ್ತಿಗೆ ಒಳಗೆ ಫೋನು ಬಡಿದುಕೊಂಡಿತು. ಪರಿಮಳಾ ಹೋಗಿ ಮಾತಾಡಿ ಬಂದಳು. ಮುಖದಲ್ಲಿ ರಕ್ತವಿರಲಿಲ್ಲ. ಭಾವನಿಗೆ ಸಂಜೆಯವರೆಗೆ ತಡೆದುಕೊಳ್ಳಲಾಗಲಿಲ್ಲವಂತೆ. ಬೆಳಗಿನ ಬಸ್ಸಿಗೇ ಹೊರಟು ಯಲ್ಲಾಪುರದ ಬಸ್ ಸ್ಟ್ಯಾಂಡಿನಿಂದ ಫೋನು ಮಾಡಿದ್ದ.

"ಅಣ್ಣಂಗೆ ಆನು ಮಾತು ಕೊಟ್ಟಿದ್ದೆ," ಎಂದಳು. "ನಿಂಗಳ ಮರ್ಯಾದೆ ಹೋದ್ರೆ ಹೊಸತಲ್ಲ. ಇವತ್ತು ಹೋಗ್ತಿರದು ಯಂದು."

ನಿಜ ಹೇಳುತ್ತೇನೆ, ಆಗ ನನಗೆ ಬಹಳ ಕೆಟ್ಟದೆನ್ನಿಸಿತು. ನನ್ನ ಭೇಷ್‌ನ ಆಸೆಗೆ ಅವಳ ಮಾತನ್ನು ಒತ್ತೆಯಿಟ್ಟುಬಿಟ್ಟಿದ್ದೆ.

ಇಬ್ಬರೂ ಬಟ್ಟೆ, ಬಿಸಿನೀರು ಹಿಡಿದು ಕಾರಿನೊಳಕ್ಕೆ ನುಗ್ಗಿದೆವು. ಬಾಗಿಲುಗಳ, ಗೇರಿನ ಪಟ್ಟಿಯ ಫಿಲ್ಮು ಸುಲಭವಾಗಿ ಬಂತು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಗೊಂಪೂ ಕರಗಿತು. ಇರುವೆಗಳನ್ನು ಊದಿ ಊದಿ ಗಡಿಪಾರು ಮಾಡಿದೆ. ಆದರೆ ಮೀಟರಿನ ಗಾಜಿನದು ಜಪ್ಪಯ್ಯ ಅನ್ನಲಿಲ್ಲ. ಫಿಲ್ಮಿನ ಅಂಟೂ ನಮ್ಮ ಅಜ್ಜಿ ಮುತ್ತಜ್ಜಿಯರ ಗೊಂಪೂ ಸೇರಿ ಹೊಸದೊಂದು ಸಿಮೆಂಟನ್ನೇ ಕಂಡುಹಿಡಿದಿದ್ದವು! ಉಗುರು ಹಾಕಿದೆ, ಉಗುರು ಮುರಿಯಿತು. ಸ್ಕೇಲು ಎತ್ತಿದೆ. ಪರಿಮಳಾ ಅದನ್ನು ಕಿತ್ತುಕೊಂಡು ಹೊರಗೆಸೆದಳು.

"ನಿಂಗ ಹಿಂದಿನ ಸೀಟಲ್ಲಿ ಕುಂತ್ಕಳಿ. ಕೈಮೇಲೆ ಕುಂತ್ಕಳಿ."

ಕೂತೆ. ಅವಳು ಟವೆಲಿನಿಂದ ಇಳಿದ ಎಣ್ಣೆಯನ್ನು ಹಣೆಯಿಂದ ಒರೆಸಿಕೊಳ್ಳುತ್ತ ಗಾಜಿನ ಮೂಲೆಯನ್ನು ತಡವಿದಳು. ಎಣ್ಣೆಬೆರಳಿಗೆ ಏನೋ ಸಿಕ್ಕಿತು. ಕಂಪನಿಯವರ ಕೆಲಸಗೇಡಿತನವೆಂದು ನಾನು ಮರುಗಿದ್ದ ಆ ಗುಳ್ಳೆಯ ಜಾಗ. ಮೆಲ್ಲಗೆ ಎಳೆದಳು. ಚರ್‍ರೆಂದು ಸದ್ದಾಯಿತು. ಗಾಜೇ ಸುಲಿದು ಬರತೊಡಗಿತು!

"ನಿಲ್ಸು, ಗಾಜೇ ಬಂತು!" ಎಂದು ಹಿಂದಿನಿಂದ ಕೂಗಿದೆ. ಅವಳು ನಿಲ್ಲಿಸಲಿಲ್ಲ. ನನ್ನ ಫಿಲ್ಮು, ಅದರಡಿಯ ಹಸಿರು ಗೊಂಪು, ಎರಡನ್ನೂ ಬೆನ್ನ ಮೇಲೆ ಹೊತ್ತ ಇನ್ನೊಂದು ತೆಳು ಹಾಳೆ ಇಡಿಯಾಗಿ ಕಿತ್ತು ಅವಳ ಕೈಗೆ ಬಂತು. ಕೆಳಗೆ ಮೀಟರಿನ ನಿಜವಾದ ಗಾಜು ಒಂದು ಕಲೆಯಿಲ್ಲದೆ ಫಳಫಳ ಹೊಳೆಯುತ್ತಿತ್ತು. ಕಾರಿನ ಕಂಪನಿಯವರೇ ಮೊದಲೇ ಒಂದು ಫಿಲ್ಮು ಅಂಟಿಸಿ ಕಳಿಸಿದ್ದರು! ಪರದೆಗೂ ಇತ್ತು, ಗಡಿಯಾರಕ್ಕೂ ಇತ್ತು. ಅಂಗಿ ತೊಟ್ಟವನಿಗೆ ನಾನು ಗಂಜಿ ಹಾಕಿದ ಇನ್ನೊಂದು ಅಂಗಿ ತೊಡಿಸಿದ್ದೆ. ಪರಿಮಳಾ ಎಲ್ಲವನ್ನೂ ಸುಲಿದು ಉಂಡೆ ಕಟ್ಟಿ ಬಚ್ಚಲೊಲೆಗೆ ಹಾಕಿ ಬಂದಳು. ಅವಳ ಮುಖಕ್ಕೆ ಬಣ್ಣ ಮರಳಿತು, ನನಗೂ ಉಸಿರು ಬಂತು.

ನಾವು ಬಾಗಿಲು ಮುಚ್ಚುವುದಕ್ಕೂ ಭಾವ ಹೂವಿನ ಹಾರ, ತೆಂಗಿನಕಾಯಿ ಹಿಡಿದು ಅಂಗಳಕ್ಕೆ ಬರುವುದಕ್ಕೂ ಸರಿಹೋಯಿತು. ಗೊಂಪಿನ ಹಸಿರು ನನ್ನ ಅಂಗೈ ಬಿಟ್ಟಿರಲಿಲ್ಲ. ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ತುಳಸಿಕಟ್ಟೆಯ ಪಕ್ಕ ನಿಂತೆ. ಭಾವ ಕಾರಿನೊಳಗೆ ಕೂತ. ಸ್ಟೇರಿಂಗು ಸವರಿದ. ಮೀಟರಿನ ಮೇಲೆ ಬೆರಳಿಟ್ಟ. ಬೆರಳು ಅಲ್ಲೇ ನಿಂತಿತು.

"ತಂಗಿ, ಇದರ ಮೇಲೆ ಕಂಪನಿಯವ್ವು ಹಾಕಿದ ಪ್ಲಾಸ್ಟಿಕ್ ಇತ್ತಲೇ. ಎಲ್ಲೋತು? ಫ್ರಿಜ್ಜಿಂದರ ಹಂಗೆ ಅದ್ನ ಕಡೆವರೆಗೆ ತೆಗೆಯದೇ ಇಲ್ಲೆ ಹೇಳಿ ಇದ್ದಿದ್ದೆ."

ಎಲ್ಲವನ್ನೂ ಒಪ್ಪಿಕೊಳ್ಳೋಣವೆಂದು ಬಾಯಿ ತೆರೆದೆ. ಪರಿಮಳಾ ನನಗಿಂತ ಮೊದಲೇ ಮಾತಾಡಿದಳು.

"ಆನು ತೆಗೆದೆ ಅಣ್ಣ. ಒರೆಸಕಾರೆ ಎದ್ದು ಬಂತು."

ಭಾವ ದೊಡ್ಡದೊಂದು ಉಸಿರು ಬಿಟ್ಟ. "ನೀನನೇ? ಹಂಗಾರೆ ಅಡ್ಡಿಲ್ಲೆ ಬಿಡು. ಭಾವ ಎಲ್ಲಾದ್ರೂ ಮುಟ್ಟಿದ್ನ ಹೇಳಿ ಎದೆ ಧಸಕ್ ಹೇಳ್ತು ಯಂಗೆ."

ಆಮೇಲೆ ಅವನು ಬಾಗಿಲಿನ ಒಳಮೈ ಸವರಿದ. ಅದು ನಿಜಕ್ಕೂ ಮಿರಮಿರ ಮಿಂಚುತ್ತಿತ್ತು. ಗೊಂಪು ಕೂದಲಿಗೆ ಕೊಡುವ ಹೊಳಪನ್ನು ಕಾರಿಗೂ ಕೊಟ್ಟಿತ್ತು! ಷೋರೂಮಿನಲ್ಲೂ ಇಷ್ಟು ಹೊಳೆಯುತ್ತಿರಲಿಲ್ಲ ಎಂದ ಭಾವ, ತಂಗಿಯ ಕೈಗುಣವನ್ನು ಬಾಯಿತುಂಬ ಹೊಗಳಿದ. ಎಣ್ಣೆ ತಲೆಯಲ್ಲೇ ಹಬ್ಬದ ದಿನ ಇಷ್ಟು ಕೆಲಸ ಮಾಡಿದ್ದಾಳಲ್ಲ ಎಂದು ಮರುಗಿದ. ಪರಿಮಳಾ ನೆಲ ನೋಡುತ್ತ ನಿಂತಿದ್ದಳು, ಹೆಗಲು ಮಾತ್ರ ನಗುವಿಗೆ ಕುಲುಕುತ್ತಿತ್ತು.

ಪೂಜೆ ಮುಗಿಯಿತು. ಕಾರು ಹೊರಡಿಸುವ ಮುಂಚೆ ಭಾವ ಕಿಟಕಿಯಿಂದ ತಲೆ ಹೊರಹಾಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನಾನು ಕೈಗಳನ್ನು ಬೆನ್ನ ಹಿಂದೆ ಇನ್ನೂ ಬಿಗಿಯಾಗಿ ಕಟ್ಟಿಕೊಂಡೆ. ಅವನ ಮುಖ ಅರಳಿತು. ನಾನು ಇಷ್ಟು ವರ್ಷ ಕಾದಿದ್ದ ಆ ಮಾತು ಕೊನೆಗೂ ಅವನ ಬಾಯಿಂದ ಬಂತು.

"ಭೇಷ್ ಭಾವ! ಇಷ್ಟು ದಿನ ಮನೇಲಿ ಕಾರಿದ್ರೂ ನೀ ಎಂತದೂ ಮಾಡಿದ್ದಿಲ್ಲೆ. ನೋಡು, ಈಗ್ಲೂ ನೀ ಕೈ ಹಿಂದೆ ಕಟ್ಟಿಗಂಡೇ ನಿಂತಿದ್ದೆ."