ಗುಜರಿಗೆ ಹೋಗದ ಮೂವತ್ತೊಂದು ಪತ್ರಿಕೆಗಳು

ಕೊಡುವುದಿಲ್ಲ ಎಂದರೆ ಕೊಡುವುದಿಲ್ಲ. ಕಾಪುವಿನ ಗುಜರಿಯವನಿಗೂ ಇಲ್ಲ, ಉಡುಪಿಯ ಗುಜರಿಯವನಿಗೂ ಇಲ್ಲ. ನನ್ನ ಹೆಂಡತಿ ಸಫಿಯಾ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತರೂ ಆ ಮೂವತ್ತೊಂದು ಪತ್ರಿಕೆಗಳು ತಕ್ಕಡಿ ಹತ್ತುವುದಿಲ್ಲ. ಹೀಗೆಂದು ೧೯೮೮ರ ರಂಜಾನಿಗೆ ಮೊದಲು, ಮನೆಗೆ ಸುಣ್ಣ ಬಳಿದ ದಿನ, ಅಬ್ಬಾಸನಾದ ನಾನು ಗಟ್ಟಿ ಧ್ವನಿಯಲ್ಲಿ ಘೋಷಿಸಿದೆ. (ಆಗ ಸಫಿಯಾ ಬಾವಿಕಟ್ಟೆಯಲ್ಲಿದ್ದಳು. ಆದರೂ ಘೋಷಣೆ ಘೋಷಣೆಯೇ.)

ನಾನು ಮಣಿಪಾಲದ ಒಂದು ಲಾಡ್ಜಿನ ಮ್ಯಾನೇಜರ್. ಎಂಬತ್ತೆರಡರಲ್ಲಿ ಅಲ್ಲಿ ಡಾಕ್ಟರಿಕೆ ಓದುವ ನಾಲ್ವರು ಮಲೇಷ್ಯಾದವರು ಇದ್ದರು. ಆದಿತ್ಯವಾರ ಬಂದರೆ ಕೋಣೆಯ ಬಾಗಿಲು ಹಾಕಿ ಒಂದು ವಿಚಿತ್ರ ಆಟ ಆಡುತ್ತಿದ್ದರು. ಅದಕ್ಕೆ ಇಸ್ಪೀಟು ಬೇಡ, ಹಣವೂ ಬೇಡ. ಒಬ್ಬ ಆಟದ ಯಜಮಾನನಾಗಿ ಕಥೆ ಹೇಳುತ್ತಾನೆ: ನಿಮ್ಮ ಎದುರು ಒಂದು ಗುಹೆ, ಒಳಗಿನಿಂದ ಗೊರಕೆ ಕೇಳುತ್ತಿದೆ, ಏನು ಮಾಡುತ್ತೀರಿ? ಉಳಿದವರು ಯೋಧ, ಮಾಂತ್ರಿಕ, ಕಳ್ಳ ಎಂದು ಪಾತ್ರ ಹಂಚಿಕೊಂಡು ಉತ್ತರ ಹೇಳಿ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ದೊಡ್ಡ ಸಂಖ್ಯೆ ಬಿದ್ದರೆ ಗೆದ್ದರು, ಸಣ್ಣದು ಬಿದ್ದರೆ ಸತ್ತರು. ಈ ಆಟಕ್ಕೆಂದೇ ಇಂಗ್ಲೆಂಡಿನಲ್ಲಿ ಒಂದು ಮಾಸಪತ್ರಿಕೆ ಇತ್ತು, ಅದು ಅವರಿಗೆ ಅಂಚೆಯಲ್ಲಿ ಬರುತ್ತಿತ್ತು.

ಒಂದು ದಿನ ಜನ ಕಡಿಮೆಯಾಯಿತೆಂದು ನನ್ನನ್ನೂ ಕೂರಿಸಿಕೊಂಡರು. ಬೆಳಿಗ್ಗೆ ನಳ್ಳಿಯಲ್ಲಿ ನೀರು ಬರಲಿಲ್ಲವೆಂದು ಎಲ್ಲರಿಂದ ಬೈಸಿಕೊಂಡ ಅಬ್ಬಾಸ್, ಸಂಜೆ ಖಡ್ಗ ಹಿಡಿದ ಮಹಾಶೂರನಾದ. ಓದು ಮುಗಿಸಿ ಹೊರಡುವಾಗ ಅವರು ಪತ್ರಿಕೆಗಳನ್ನೆಲ್ಲ, ಜೊತೆಗೆ ಒಂದು ದಾಳವನ್ನೂ ನನಗೇ ಕೊಟ್ಟರು. ಅಂದಿನಿಂದ ಅವು ನನ್ನ ತಗಡಿನ ಟ್ರಂಕಿನಲ್ಲಿವೆ. ಕವಚ ತೊಟ್ಟವನು ಈಜಬಲ್ಲನೇ ಎಂದು ಒಬ್ಬ ಓದುಗ ಪತ್ರ ಬರೆದಿದ್ದಾನೆ. ಮುಂದಿನ ಸಂಚಿಕೆಯಲ್ಲಿ ಇನ್ನೊಬ್ಬ ಅವನಿಗೆ ಛೀಮಾರಿ ಹಾಕಿದ್ದಾನೆ. ಈ ಜಗಳ ಐದು ತಿಂಗಳು ನಡೆದಿದೆ. ನಾನೂ ಒಂದು ಪತ್ರ ಬರೆದಿದ್ದೆ, ಅಂಚೆಗೆ ಹಾಕಲು ನಾಚಿಕೆಯಾಯಿತು. ಆ ಪುಟ ತಿರುಗಿಸುವಾಗ ನನಗೆ ಸಂತೋಷವಾಗುತ್ತದೆ. ಮನುಷ್ಯನಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕೆ?

ಸಫಿಯಾಳಿಗೆ ಬೇಕಿತ್ತು. ಅವಳ ಅಣ್ಣ ಜಮಾಲುದ್ದೀನ್ ಗಲ್ಫಿನಿಂದ ನಾಲ್ಕು ಕಂಬಳಿ ಕಳಿಸಿದ್ದ. ಅವನ್ನು ಇಡಲು ಟ್ರಂಕು ಬೇಕು.

"ಕಾಪುವಿನ ಸೆಖೆಗೆ ಕಂಬಳಿ ಹೊದೆಯುವವರು ಯಾರು?" ಎಂದೆ.

"ಹುಲಿಗೆ ಕೋಡು ಬರೆದ ಪುಸ್ತಕ ಓದುವವರು ಯಾರು?" ಎಂದಳು.

"ಅದು ಹುಲಿ ಅಲ್ಲ, ಘಟಸರ್ಪ!"

"ಎಂತದಾದರೂ ಆಗಲಿ. ಶನಿವಾರ ಗುಜರಿಯ ಇದ್ರೀಸ್ ಬರ್ತಾನೆ."

(ನಾವು ಮಾತಾಡಿದ್ದು ಬ್ಯಾರಿಯಲ್ಲಿ. ನಿಮಗಾಗಿ ಕನ್ನಡದಲ್ಲಿ ಬರೆದಿದ್ದೇನೆ. ಮೂಲದಲ್ಲಿ ಖಾರ ಇನ್ನೂ ಹೆಚ್ಚಿತ್ತು.)

ಆಗ ನನಗೊಂದು ದಿವ್ಯ ಉಪಾಯ ಹೊಳೆಯಿತು. "ಒಂದು ಆಟ ಆಡುವ. ಘಟಸರ್ಪನ ಗುಹೆಯಿಂದ ಒಂದು ಹಿಡಿ ಬಂಗಾರ ಹಿಡಿದು ಜೀವಂತ ಹೊರಗೆ ಬಂದರೆ ಪತ್ರಿಕೆ ಗುಜರಿಗೆ. ಸತ್ತರೆ ನೀನು ಟ್ರಂಕಿನ ಸುದ್ದಿಯನ್ನೇ ಎತ್ತಬಾರದು" ಎಂದೆ. ಆ ಗುಹೆಯಲ್ಲಿ ನಾಲ್ವರು ಭಾವೀ ಡಾಕ್ಟರುಗಳು ತಲಾ ಎರಡು ಸಲ ಸತ್ತಿದ್ದರು. ಆಟದ ಯಜಮಾನನೂ ನಾನೇ, ಘಟಸರ್ಪನೂ ನಾನೇ. ಇನ್ನು ಹೆದರುವುದು ಯಾರಿಗೆ?

ಶುಕ್ರವಾರ ಜುಮಾ ಮುಗಿಸಿ ಬಂದಾಗ ಜಗಲಿಯಲ್ಲಿ ಮೂವರು ಕೂತಿದ್ದರು: ಸಫಿಯಾ, ಕಾರ್ಕಳದಿಂದ ಬಂದ ಅವಳ ತಾಯಿ, ಅಂದರೆ ನನ್ನ ಅತ್ತೆ ಕುಂಞಿಪಾತುಮ್ಮ, ಮತ್ತು ಮೀನು ಮಾರಿ ಖಾಲಿ ಬುಟ್ಟಿಯೊಂದಿಗೆ ನೀರು ಕುಡಿಯಲು ಬಂದ ರತ್ನಾವತಿ. ದಾಳ ತೆಗೆದ ಕೂಡಲೇ ಅತ್ತೆ ತಡೆದರು. "ಜೂಜಿನ ಸಾಮಾನು ಈ ಚಾಪೆಯ ಮೇಲೆ ಉರುಳಬಾರದು." ಕೊನೆಗೆ ಒಂದರಿಂದ ಇಪ್ಪತ್ತರವರೆಗೆ ಕಾಗದದ ಚೀಟಿ ಬರೆದು ಹಾಲುಪುಡಿಯ ಡಬ್ಬಕ್ಕೆ ಹಾಕಿದೆವು. ಕೇರಿಯ ಹೆಂಗಸರ ಚೀಟಿಫಂಡಿನಲ್ಲಿ ಹತ್ತು ವರ್ಷ ಚೀಟಿ ಎತ್ತಿದ ಕೈಗಳಿಗೆ ನಾನೇ ಡಬ್ಬ ಕೊಟ್ಟೆನಲ್ಲ ಎಂಬ ಜ್ಞಾನೋದಯ ಆಮೇಲೆ ಆಯಿತು.

ನಾನು ಗಂಟಲು ಸರಿಮಾಡಿಕೊಂಡೆ. "ಗುಹೆಯೊಳಗೆ ಬಂಗಾರದ ಬೆಟ್ಟ! ಅದರ ಮೇಲೆ ಮಹಾಭಯಂಕರ, ವಜ್ರಕಾಯ, ಅಗ್ನಿಮುಖ ಘಟಸರ್ಪ! ಎಂತ ಮಾಡ್ತೀರಿ?"

"ಅವನದ್ದು ಯಾವ ಊರು?" ಎಂದರು ಅತ್ತೆ.

"ಮಾಮಿ, ಅವನು ಘಟಸರ್ಪ. ಖಡ್ಗ ಎತ್ತಬೇಕು."

"ಖಡ್ಗ ಆಮೇಲೆ. ಒಬ್ಬರ ಮನೆಗೆ ಹೋದಾಗ ಊರು, ಕುಟುಂಬ ಕೇಳುವುದು ಮರ್ಯಾದೆ."

ಊರು ಯಾವುದು, ಯಾರ ಮನೆಯವರು ಎಂದು ಕೇಳದೆ ನಮ್ಮ ಕಡೆ ಬಸ್ಸಿನ ಸೀಟಿನಲ್ಲೂ ಮಾತು ಮುಂದಕ್ಕೆ ಹೋಗುವುದಿಲ್ಲ. ಆದರೆ ಇಂಗ್ಲೆಂಡಿನ ಪತ್ರಿಕೆಯಲ್ಲಿ ಘಟಸರ್ಪನ ಊರು ಕೊಟ್ಟಿರಲಿಲ್ಲ. "ಅಜೆಕಾರು" ಎಂದುಬಿಟ್ಟೆ.

"ಬಂಗಾರ ಅವನದ್ದೇಯಾ ಸಾಹೇಬ್ರೇ, ತಮ್ಮಂದಿರದ್ದೂ ಪಾಲು ಉಂಟಾ?" ಎಂದಳು ರತ್ನಾವತಿ.

"ಎಲ್ಲ ಅವನದ್ದೇ. ಮುನ್ನೂರು ವರ್ಷದಿಂದ ಒಬ್ಬನೇ ಕಾಯುತ್ತಿದ್ದಾನೆ!" ಎಂದು ಗುಡುಗಿದೆ.

ಮೂವರೂ ಮುಖ ಮುಖ ನೋಡಿಕೊಂಡರು.

"ಒಬ್ಬನೇ?" ಎಂದಳು ಸಫಿಯಾ.

"ಸ್ವಂತ ಮನೆ," ಎಂದಳು ರತ್ನಾವತಿ.

"ಮದುವೆ ಮಾಡಿಸಬೇಕಾದ ತಂಗಿಯರೂ ಇಲ್ಲ," ಎಂದರು ಅತ್ತೆ. "ಬೀಡಿ ಸೇದ್ತಾನಾ?"

"ಬೆಂಕಿ ಉಗುಳ್ತಾನೆ ಮಾಮಿ, ಬೆಂಕಿ!"

"ಮದುವೆಯಾದ ಮೇಲೆ ಬಿಡ್ತಾನೆ."

ಪರಿಸ್ಥಿತಿ ಕೈಮೀರುತ್ತಿತ್ತು. "ಘಟಸರ್ಪ ಬೆಂಕಿ ಉಗುಳಿದ, ನೀವು ಮೂವರೂ ಭಸ್ಮ!" ಎಂದು ಕೂಗಿದೆ.

"ಚೀಟಿ ಎತ್ತದೆ ಹೇಗೆ ಭಸ್ಮ? ಅದೆಂತ ಮೋಸ?" ಎಂದು ಸಫಿಯಾ ಡಬ್ಬ ಮುಂದಿಟ್ಟಳು. ಎತ್ತಿದೆ. ಎರಡು ಬಂತು. ಘಟಸರ್ಪನ ಬಾಯಿಂದ ಸ್ವಲ್ಪ ಹೊಗೆ ಬಂದು ನಿಂತಿತು.

ಅಷ್ಟರಲ್ಲಿ ಅವಳ ಕೈಗೆ ಒಂದು ಸಂಚಿಕೆ ಸಿಕ್ಕಿತ್ತು. ಕಾರ್ಕಳದಲ್ಲಿ ಹತ್ತನೆಯವರೆಗೆ ಓದಿದವಳು. ನಾನೇ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದ ಸಾಲಿನ ಮೇಲೆ ಬೆರಳಿಟ್ಟಳು. "ಇದನ್ನು ಓದಿ ಹೇಳಿ. ರಂಜಾನ್ ಹತ್ತಿರ ಬಂದಿದೆ, ಸುಳ್ಳು ಹೇಳಬೇಡಿ." ಮಾತು ಬಲ್ಲ ಯಾವ ಪ್ರಾಣಿಯನ್ನೂ ಮಾತಿನಿಂದ ಒಲಿಸಿಕೊಳ್ಳಬಹುದು, ಹದಿನೆಂಟಕ್ಕಿಂತ ಮೇಲೆ ಬೀಳಬೇಕು ಎಂದಿತ್ತು. ಓದಿದೆ. ಸಫಿಯಾ ಬಿಸ್ಮಿಲ್ಲಾ ಎಂದು ಡಬ್ಬಕ್ಕೆ ಕೈ ಹಾಕಿದಳು. ಇಪ್ಪತ್ತು!

ಹೆಣ್ಣು ಹುಡುಕುವ ಓಡಾಟಕ್ಕೆಂದು ಘಟಸರ್ಪ ಒಂದು ಹಿಡಿ ಬಂಗಾರ ತಾನಾಗಿಯೇ ಕೊಟ್ಟ. ಮೂವರೂ ಕೂದಲು ಕೊಂಕದೆ ಹೊರಬಂದರು.

ಶನಿವಾರ ಇದ್ರೀಸ್ ತಕ್ಕಡಿ ಹಿಡಿದು ಬಂದ. ಕೊಟ್ಟ ಮಾತು ಕೊಟ್ಟದ್ದೇ. ತಲೆ ತಗ್ಗಿಸದೆ ಕಟ್ಟು ಎತ್ತಿಕೊಂಡು ಅಂಗಳಕ್ಕೆ ಇಳಿದೆ. ಹಿಂದಿನಿಂದ ಸಫಿಯಾ ಓಡಿಬಂದಳು.

"ಎಲ್ಲಿಗೆ ಕೊಂಡುಹೋಗ್ತೀರಿ? ಹದಿನೇಳನೇ ಪುಸ್ತಕದಲ್ಲಿ ರೆಕ್ಕೆ ಇರುವ ಒಂದು ಹೆಣ್ಣು ಉಂಟು. ಉಮ್ಮನಿಗೆ ಇಷ್ಟ ಆಗಿದೆ. ಬರುವ ಶುಕ್ರವಾರ ನಿಶ್ಚಿತಾರ್ಥ!"

ಇದ್ರೀಸ್ ಬರಿಗೈಯಲ್ಲಿ ಹೋದ. ಕೊಡುವುದಿಲ್ಲ ಎಂದಿದ್ದೆ, ಕೊಡಲಿಲ್ಲ. ಗೆದ್ದವರು ಯಾರು, ನೀವೇ ಹೇಳಿ!

ಆದರೆ ಆ ಶುಕ್ರವಾರ ನಾನು ಯಜಮಾನನ ಜಾಗದಲ್ಲಿ ಕೂರಲು ಹೋದಾಗ ಅಲ್ಲಿ ಅತ್ತೆ ಕೂತಿದ್ದರು. ಚೀಟಿ ಎತ್ತದೆ ಬೆಂಕಿ ಉಗುಳಿದವನನ್ನು ನಂಬುವುದಿಲ್ಲವಂತೆ. ಹಾಗಾದರೆ ಘಟಸರ್ಪನಾಗುತ್ತೇನೆ ಎಂದೆ. ಮದುಮಗ ತಾನೇ ಬಾಯಿ ಬಿಟ್ಟು ಮಾತಾಡುವ ಕ್ರಮ ಇಲ್ಲ, ಅವನ ಪರವಾಗಿ ರತ್ನಾವತಿ ಮಾತಾಡುತ್ತಾಳಂತೆ. ನನಗೂ ಒಂದು ಪಾತ್ರ ಬೇಕೇ ಬೇಕೆಂದು ಹಟ ಹಿಡಿದೆ, ಅದು ನನ್ನ ಹಕ್ಕು. ಮೂವರೂ ಸಮಾಲೋಚಿಸಿ ಒಂದು ಪಾತ್ರ ಕೊಟ್ಟರು: ನಿಶ್ಚಿತಾರ್ಥದ ಬಿರಿಯಾನಿ ಮಾಡುವ ಅಡುಗೆಯವನು. ಡಬ್ಬಕ್ಕೆ ಕೈ ಹಾಕಿದೆ. ಒಂದು ಬಂತು.

"ತಳ ಹಿಡಿಯಿತು," ಎಂದು ಅತ್ತೆ ತೀರ್ಪು ಕೊಟ್ಟರು.

ಇಲ್ಲ, ನಾನು ಒಪ್ಪುವುದಿಲ್ಲ. ನನ್ನ ಮಸಾಲೆ ಸರಿಯಾಗಿತ್ತು.