ಕೊಲ್ಹಾಪುರಕ್ಕೆ ಹೊರಟ ಬೇರಿಂಗು

ಹರಕೆ ಹೊರುವ ಅಕ್ಕತಂಗಿಯರಲ್ಲಿ ನನ್ನದೊಂದೇ ಬಿನ್ನಹ: ಹರಕೆಯಲ್ಲಿ ಗಂಡನ ಕಾರನ್ನು ಮಾತ್ರ ಸೇರಿಸಬೇಡಿ. ಮಗಳು ಕುಶಲಳ ಹೆರಿಗೆ ಸುಸೂತ್ರವಾದರೆ ಕೊಲ್ಹಾಪುರದ ಮಹಾಲಕ್ಷ್ಮಿಗೆ ಖಣ, ಕಾಯಿ, ಅಕ್ಕಿ ಇಟ್ಟು ಉಡಿ ತುಂಬುತ್ತೇನೆಂದು ಹರಕೆ ಹೊತ್ತಿದ್ದೆ. ಹೆರಿಗೆ ಆಯಿತು. ಕೂಸಿಗೆ ಹಲ್ಲು ಬಂದವು. ಈಗದು ಮನೆ ತುಂಬ ನಡೆದಾಡುತ್ತದೆ. ನಡೆಯದೆ ನಿಂತದ್ದು ನಮ್ಮ ಕಾರು ಒಂದೇ.

ನಮ್ಮೂರಿನ ಸ್ವಾರಗೇಟ್ ನಿಲ್ದಾಣದಿಂದ ಕೊಲ್ಹಾಪುರಕ್ಕೆ ಬೇಕಾದಷ್ಟು ಬಸ್ಸುಗಳಿವೆ. ಆದರೆ ಸ್ವಂತ ಕಾರಿಟ್ಟುಕೊಂಡು ಬಸ್ಸು ಹತ್ತುವುದೆಂದರೆ ನಮ್ಮ ಮನೆಯವರಿಗೆ ಮಾನಹಾನಿ. (ಕೊಂಡಾಗಲೇ ಅದಕ್ಕೆ ಹದಿನೆಂಟು ವರ್ಷ. ಕನ್ಯೆಯಾಗಿದ್ದರೆ ಮದುವೆಗೆ ಬಂದಿತ್ತು.) ಒಂದು ರಿಪೇರಿ ಮುಗಿದರೆ ಇನ್ನೊಂದು. ಈಚೆಗೆ ಅದರ ಮುಂದಿನ ಎಡಗಾಲಿ ಓಡುವಾಗಲೆಲ್ಲ ಗೊಂಯ್ ಎಂದು ಅಳುತ್ತಿತ್ತು. ಬೇರಿಂಗು ಸವೆದಿದೆ ಎಂದು ಇವರೇ ಪತ್ತೆ ಹಚ್ಚಿದರು. ಬೇರಿಂಗೆಂದರೆ ಗಾಲಿಯೊಳಗೆ ಕೂಡಿಸುವ ಉಕ್ಕಿನ ಬಳೆ, ಬಳೆಯೊಳಗೆ ಉರುಳುವ ಗುಂಡುಗಳು. ಇದನ್ನು ನಾನು ಸತತ ಮೂರು ಸಂಜೆ ಕೇಳಿದ್ದೇನೆ. ನಡುವೆ ಬಾಯಿ ಹಾಕದೆ ಕೇಳುವುದು ನನ್ನ ಅಭ್ಯಾಸ. ಇವರು ಅದನ್ನು ಒಪ್ಪಿಗೆ ಎಂದು ತಿಳಿಯುತ್ತಾರೆ.

ಗ್ಯಾರೇಜಿಗೆ ಕೊಡಿ ಎಂದೆ. ಶಿವಾಜಿನಗರದ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಡತ ಬಿಚ್ಚಿ ಕಟ್ಟಿದವನಿಗೆ ಒಂದು ಗಾಲಿ ಬಿಚ್ಚುವುದು ಯಾವ ದೊಡ್ಡ ಮಾತು ಎಂದರು.

"ಗುರುವಾರ ರಜಾ ಹಾಕ್ತೀನಿ. ಶುಕ್ರವಾರ ನೀ ದೇವಿ ಮುಂದ ನಿಂತಿರ್ತಿ, ಗೋದಾ."

ಗುರುವಾರ ಮುಂಜಾನೆ ಅಂಗಳದಲ್ಲಿ ಕಾರಿನ ಕಾಯಕಲ್ಪ ಆರಂಭವಾಯಿತು. ಜಾಕು ಅಲುಗುತ್ತದೆಂದು ನನ್ನ ಬಟ್ಟೆ ಒಗೆಯುವ ಕಲ್ಲು ಕಾರಿನಡಿ ಸೇರಿತು. ಹಳೆಯ ಬೇರಿಂಗು ಜಪ್ಪಯ್ಯ ಅಂದರೂ ಹೊರಬರಲಿಲ್ಲವೆಂದು ಖಾರ ಕುಟ್ಟುವ ಕಬ್ಬಿಣದ ಒನಕೆ ಹೋಯಿತು. ತೊಳೆಯಲು ಸ್ಟೋವಿನ ಸೀಮೆಎಣ್ಣೆ ಹೋಯಿತು, ಅದನ್ನು ಸುರಿದುಕೊಳ್ಳಲು ಹಿಟ್ಟು ನಾದುವ ಪರಾತ ಹೋಯಿತು. (ಮುಂದೆ ಎಂಟು ದಿನ ನಮ್ಮ ರೊಟ್ಟಿಗಳು ಬೆಂಕಿ ಕಂಡರೆ ಸಾಕು, ಹೊತ್ತಿಕೊಳ್ಳುವಂತೆ ನಾರುತ್ತಿದ್ದವು.) ಪಕ್ಕದ ಮನೆಯ ಸುಲಭಾತಾಯಿ ಗ್ಯಾಲರಿಯಿಂದ ಬಗ್ಗಿ, ಇದು ರಿಪೇರಿಯೋ ಅಡುಗೆಯೋ ಎಂದು ಮರಾಠಿಯಲ್ಲಿ ವಿಚಾರಿಸಿದಳು.

"ರೀ, ಆ ಪರಾತದಾಗ ನೈವೇದ್ಯದ ಹೋಳಿಗಿ ಕಣಕ ನಾದ್ತೀನ್ರಿ."

"ದೇವಿ ಕಡೆ ಹೋಗಾಕ ಅಲ್ಲೇನ ಇದೆಲ್ಲಾ? ಸೇವಾ ಅಂತ ತಿಳಿ."

"ಸೇವಾ ಮಾಡೋರು ಹಿಂಗ ಬೈತಾರೇನು?"

"ನಿನಗ ಬೈಲಿಲ್ಲ. ನಟ್ಟಿಗೆ ಬೈದೆ."

ಮಧ್ಯಾಹ್ನ ಹೊಸ ಬೇರಿಂಗುಗಳಿಗೆ ಗ್ರೀಸು ತುಂಬಿ, ತಾಟಿನಲ್ಲಿಟ್ಟು, ಇವರು ಊಟಕ್ಕೆ ಎದ್ದರು. ನನಗೆ ಮನಸ್ಸು ತಡೆಯಲಿಲ್ಲ. ದೀಪಾವಳಿಯಲ್ಲಿ ಹೊಸ ಕಸಬರಿಗೆಗೂ ಅರಿಷಿಣ ಕುಂಕುಮ ಬೀಳುವ ಮನೆ ನಮ್ಮದು. ಕೊಲ್ಹಾಪುರದ ದಾರಿಯ ಕಾತ್ರಜದ ಘಾಟಿನ ಏರಿನಲ್ಲಿ ನಮ್ಮ ಜೀವ ಹೊರುವ ವಸ್ತು ಹಾಗೇ ಬರಿದಾಗಿ ಒಳಗೆ ಹೋಗುವುದೇ? ಹೇಳಿದರೆ ನಕ್ಕಾರು ಎಂದು ಸದ್ದಿಲ್ಲದೆ ಕುಂಕುಮ ಹಚ್ಚಿ, ಅಕ್ಷತೆ ಹಾಕಿ ಕೈಮುಗಿದೆ. ಒಂದು ಚಿಟಿಕೆ ಸಾಕಿತ್ತು. ಘಾಟು ದೊಡ್ಡದೆಂದು ಒಂದು ಹಿಡಿಯನ್ನೇ ಹಾಕಿದೆ. ಊಟ ಮುಗಿಸಿ ಬಂದ ಇವರು ಗ್ರೀಸು ಮೆತ್ತಿದ ಕನ್ನಡಕವನ್ನು ತೆಗೆದಿಟ್ಟು, ಬರಿಗಣ್ಣಿನಲ್ಲೇ ಬೇರಿಂಗು ಕೂಡಿಸಿ ಗಾಲಿ ಬಿಗಿದರು.

ಶುಕ್ರವಾರ ನಸುಕಿನಲ್ಲಿ ಹೊರಟೆವು. ಉಡಿಯ ಚೀಲ ನನ್ನ ಮಡಿಲಲ್ಲಿತ್ತು. ಗಾಲಿಯ ಅಳು ನಿಂತಿತ್ತು. ಇವರು ವಿಜಯೋತ್ಸವದ ಆನೆಯ ಮೇಲೆ ಕೂತವರಂತೆ ಕೂತಿದ್ದರು. ಕಾತ್ರಜ ಬರುವುದರೊಳಗೆ ಅದೇ ಗಾಲಿ ಕಟಕಟ ಎಂದಿತು, ಆಮೇಲೆ ಬೀಸುಕಲ್ಲಿನಂತೆ ಗರಗರ ಎಂದಿತು, ಕೊನೆಗೆ ಏನೋ ಸೀಯುವ ವಾಸನೆ ಬಂತು. ಘಾಟಿಗೆ ಮೊದಲೇ ಒಂದು ಗ್ಯಾರೇಜು ಸಿಕ್ಕದ್ದು ದೇವಿಯ ಕೃಪೆ.

ಅಲ್ಲಿಯ ಮಿಸ್ತ್ರಿ ಫಕೀರಪ್ಪ ಕಲಬುರ್ಗಿ ಕಡೆಯವನು. ಅವನು ಗಾಲಿ ಬಿಚ್ಚುವಷ್ಟು ಹೊತ್ತು ಹೆರಿಗೆಯಾದಾಗಿನಿಂದ ಕಟ್ಟಿಟ್ಟ ನನ್ನ ಹದಿಮೂರು ತಿಂಗಳ ತಾಳ್ಮೆಯೂ ಬಿಚ್ಚಿಕೊಂಡಿತು. ಕಲ್ಲು, ಒನಕೆ, ಪರಾತ, ಸೀಮೆಎಣ್ಣೆ, ನಡೆದಾಡುವ ಕೂಸು, ಒಂದನ್ನೂ ಬಿಡಲಿಲ್ಲ.

"ನಿಮ್ಮ ಕೈಗುಣರೀ ಇದು. ತಪ್ಪು ಯಾರದು ಅಂತ ಆ ಮಹಾಲಕ್ಷ್ಮೀನ ತೋರಸ್ಲಿ," ಎಂದು ಕೊಲ್ಹಾಪುರದ ದಿಕ್ಕಿಗೆ ಕೈಮುಗಿದೆ.

ಜಾಗೃತ ದೇವತೆ. ತಡಮಾಡಲಿಲ್ಲ.

"ಸಾಹೇಬ್ರ," ಎಂದ ಫಕೀರಪ್ಪ, ಗ್ರೀಸನ್ನು ಬೆರಳಲ್ಲಿ ತಿಕ್ಕುತ್ತ, "ಕೂಡ್ಸಿದ್ದು ಬರೋಬ್ಬರಿ ಅದರಿ. ನಾ ಕೂಡ್ಸಿದ್ರೂ ಹಿಂಗ ಕೂಡ್ಸ್ತಿದ್ದೆ. ಆದರ ಒಳಗ ಅಕ್ಕಿ ಯಾಕ ಹಾಕೀರಿ?"

ಅವನ ಅಂಗೈಯಲ್ಲಿ ಅರ್ಧ ನುರಿದ ಕೆಂಪು ಅಕ್ಷತೆ. ಇವರು ಅಕ್ಷತೆ ನೋಡಿದರು, ನನ್ನನ್ನು ನೋಡಿದರು. ನಾನು ತಗ್ಗಿದ ದನಿಯಲ್ಲಿ ಎಲ್ಲ ಒಪ್ಪಿಕೊಂಡೆ. ಇವರು ಜೀವನದಲ್ಲಿ ಮೊದಲ ಸಲ ನಡುವೆ ಬಾಯಿ ಹಾಕದೆ ಕೇಳಿದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಹೋಗಲಿ ಬಿಡು, ಫಕೀರಪ್ಪಾ," ಎಂದರು. "ದೇವೀದು ಉಡಿ ತುಂಬಾಕ ಹೊಂಟಾಕಿ. ಗಾಲೀದೂ ಒಂದ ತುಂಬ್ಯಾಳ."

ಕಾರನ್ನು ಅಲ್ಲಿಯೇ ಬಿಟ್ಟು ಬಸ್ಸು ಹತ್ತಿದೆವು. ಮಾನಹಾನಿಯ ಮಾತೇ ಬರಲಿಲ್ಲ. ಕೊಲ್ಹಾಪುರದವರೆಗೆ ಹಿಂದಿನವರಿಗೆ ಕನ್ನಡದಲ್ಲಿ, ಮುಂದಿನವರಿಗೆ ಮರಾಠಿಯಲ್ಲಿ ಇವರು ಅಕ್ಷತೆಯ ಕಥೆ ಹೇಳಿದರು. ನಾನು ಸೆರಗು ಹೊದ್ದು ಕಿಟಕಿಯಾಚೆ ನೋಡುತ್ತ ಕೂತೆ.

ಅಂತೂ ಸಂಜೆ ಉಡಿ ತುಂಬಿದೆ. ಕಣ್ಣಲ್ಲಿ ನೀರು ಬಂತು. ಪೂಜಾರಿಗಳು ಪ್ರಸಾದವೆಂದು ಒಂದು ಹಿಡಿ ಅಕ್ಷತೆಯನ್ನು ನನ್ನ ಸೆರಗಿಗೆ ಹಾಕಲು ಬಂದರು. ಇವರು ಅಡ್ಡಬಂದು ತಮ್ಮ ಕರವಸ್ತ್ರ ಚಾಚಿದರು.

"ನನ್ನ ಕಡೆ ಕೊಡ್ರಿ. ಕಾರು ಇನ್ನೂ ಕಾತ್ರಜದಾಗ ಬಿಚ್ಚಿಟ್ಟದ."